ಸ್ಕ್ರೀನ್ ಹೇಳಿದ್ದನ್ನು ಅಳೆದು ನೋಡಬೇಕು: ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಕಲಿತದ್ದು

ಬಿತ್ತನೆ ಕಾಲದಲ್ಲಿ ಒಂದು ಟ್ರ್ಯಾಕ್ಟರ್ ಎರಡು ದಿನ ಸುಮ್ನೆ ನಿಂತಿತ್ತು. ಅದು ನಿಂತದ್ದು ನನ್ನ ತಪ್ಪಿನಿಂದ. ಆ ಎರಡು ದಿನದಲ್ಲಿ ಹೊಲದ ಹದ ಆರಿಹೋಯಿತು. ಹದ ತಪ್ಪಿದ ಮೇಲೆ ಬಿತ್ತಿದ ಬೀಜ ಹೇಗೆ ಬರುತ್ತದೆ ಅಂತ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೃಷಿ ಯಂತ್ರಗಳ ಸರ್ವಿಸ್ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ಆಗ ನಮ್ಮ ಕೈಯಲ್ಲಿದ್ದದ್ದು ಪಾನ, ಸುತ್ತಿಗೆ, ಗ್ರೀಸ್ ಗನ್. ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆ ಅಂತ ಹೇಳುವ ಹಿರಿಯರಿದ್ದರು. ಅವರ ಹತ್ತಿರ ನಿಂತು ನಿಂತೇ ಕಲಿತೆ. ಈಗ ಬೆಳಿಗ್ಗೆ ಮೊದಲು ತೆರೆಯುವುದು ಲ್ಯಾಪ್‌ಟಾಪ್. ಇಂಜಿನ್, ಗೇರ್, ಹೈಡ್ರಾಲಿಕ್ಸ್, ಸ್ಟಿಯರಿಂಗ್, ಎಲ್ಲಕ್ಕೂ ಒಂದೊಂದು ಕಂಟ್ರೋಲರ್, ಅಂದರೆ ಪುಟ್ಟ ಕಂಪ್ಯೂಟರ್, ಇದೆ. ಅವು ಒಂದಕ್ಕೊಂದು ವೈರಿನಲ್ಲಿ ಮಾತಾಡುತ್ತವೆ. ಎಲ್ಲೋ ಎಡವಟ್ಟಾದರೆ ಸ್ಕ್ರೀನ್ ಮೇಲೆ ಕೋಡ್ ಬರುತ್ತದೆ.

ಆ ಟ್ರ್ಯಾಕ್ಟರಿನಲ್ಲಿ ಜಿಪಿಎಸ್ ನೋಡಿಕೊಂಡು ತಾನೇ ನೇರ ಸಾಲು ಹಿಡಿದು ಹೋಗುವ ಆಟೋ ಸ್ಟಿಯರಿಂಗ್ ಇತ್ತು. ಓಡುತ್ತಾ ಓಡುತ್ತಾ ಅದು ಬಿಟ್ಟುಬಿಡುತ್ತಿತ್ತು. ಸ್ಟಿಯರಿಂಗ್ ಕಂಟ್ರೋಲರ್ ಜೊತೆ ಸಂಪರ್ಕ ತಪ್ಪಿದೆ ಅಂತ ಸ್ಕ್ರೀನ್ ಹೇಳಿತು. ನಾನು ನಂಬಿದೆ. ಹೊಸ ಕಂಟ್ರೋಲರ್ ತರಿಸಿದೆ. ಅದು ಬರಲು ಒಂದು ದಿನ, ಹಾಕಿ ಸಾಫ್ಟ್‌ವೇರ್ ಸೇರಿಸಲು ಅರ್ಧ ದಿನ. ಹೊಲಕ್ಕೆ ಇಳಿಸಿ ಎರಡು ಸುತ್ತು ಹೊಡೆಯುವಷ್ಟರಲ್ಲಿ ಮತ್ತೆ ಅದೇ ಕೋಡ್.

ನಮ್ಮಲ್ಲಿ ಆಗ ತಾನೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಸೇರಿದ ಹುಡುಗಿಯೊಬ್ಬಳಿದ್ದಳು. "ಸಾರ್, ಲೈನ್ ಅಳೆದು ನೋಡಿದ್ರಾ?" ಅಂತ ಕೇಳಿದಳು. ನೋಡಿರಲಿಲ್ಲ. ಕಂಟ್ರೋಲರ್‌ಗಳು ಮಾತಾಡುವುದು ಹೆಣೆದ ಎರಡು ವೈರುಗಳಲ್ಲಿ. ಇದಕ್ಕೆ ಕ್ಯಾನ್ ಲೈನ್ ಅನ್ನುತ್ತಾರೆ. ಇದರ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ ಎರಡು ವೈರಿನ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು 60 ಬರಬೇಕು. 120 ಬಂದರೆ ಒಂದು ತುದಿ ಕೈಗೆ ಸಿಗುತ್ತಿಲ್ಲ, ಮಧ್ಯದಲ್ಲಿ ಎಲ್ಲೋ ಲೈನ್ ಕಡಿದಿದೆ ಅಂತ ಅರ್ಥ. ಅವಳು ಮೀಟರ್ ಇಟ್ಟಳು. 60. ಸರಿ ಇದೆಯಲ್ಲ ಅಂದುಕೊಂಡೆ. ಅವಳು ಮೀಟರ್ ತೆಗೆಯಲಿಲ್ಲ. "ನೀವು ವೈರಿಂಗ್ ಅಲ್ಲಾಡಿಸಿ ಸಾರ್, ನಾನು ಮೀಟರ್ ನೋಡ್ತೀನಿ" ಅಂದಳು.

ವೈರಿಂಗ್ ಎಲ್ಲೆಲ್ಲಿ ಹಾದುಹೋಗುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಕ್ಯಾಬಿನ್ ಅಡಿಯಲ್ಲಿ ಒಂದು ಕನೆಕ್ಟರ್ ಇದೆ. ಪ್ರೆಷರ್ ನೀರು ಹೊಡೆದು ತೊಳೆಯುವಾಗ ನೀರು ನೇರ ಅಲ್ಲಿಗೇ ಬೀಳುತ್ತದೆ. ಅದನ್ನು ಹಿಡಿದು ಅಲ್ಲಾಡಿಸಿದೆ. ಮೀಟರ್ 60ರಿಂದ 120ಕ್ಕೆ ಹಾರಿತು, ಮತ್ತೆ 60ಕ್ಕೆ ಬಂತು. ಬಿಚ್ಚಿ ನೋಡಿದರೆ ಒಂದು ಪಿನ್ ತುಂಬಾ ಹಸಿರು ಕಿಲುಬು. ಪಿನ್ ಬದಲಿಸಿದೆವು, ಸೀಲ್ ಹೊಸದು ಹಾಕಿದೆವು. ಇಪ್ಪತ್ತು ನಿಮಿಷದ ಕೆಲಸ. ಆ ಟ್ರ್ಯಾಕ್ಟರಿಗೆ ಆಮೇಲೆ ಆ ತೊಂದರೆ ಬರಲಿಲ್ಲ.

ಮರುದಿನವೇ ನಮ್ಮ ಜಾಬ್ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದೆವು: ಏನು ಅಳೆದಿರಿ, ಎಷ್ಟು ಬಂತು? ಅದು ಖಾಲಿ ಇದ್ದರೆ ಯಾವ ಬಿಡಿಭಾಗವೂ ಸ್ಟೋರಿನಿಂದ ಹೊರಗೆ ಬರುವುದಿಲ್ಲ. ಶುರುವಿನಲ್ಲಿ ಹಳಬರು ಗೊಣಗಿದರು. ಅವರ ಮಾತೂ ತಪ್ಪಲ್ಲ, ಸೀಸನ್ನಿನಲ್ಲಿ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿರುವಾಗ ಬರೆಯುತ್ತಾ ಕೂರುವುದು ಕಷ್ಟ. ಆದರೂ ನಾವು ಬಿಡಲಿಲ್ಲ.

ಕೋಡ್ ಓದುವುದರಲ್ಲೂ ಇದೇ ಕಥೆ. ಹಲವು ಕಂಪನಿಗಳ ಟ್ರ್ಯಾಕ್ಟರುಗಳಲ್ಲಿ ಕೋಡ್ ಎರಡು ಸಂಖ್ಯೆಯಲ್ಲಿ ಬರುತ್ತದೆ. ಮೊದಲನೆಯದು ಯಾವ ಭಾಗ ಅಂತ ಹೇಳುತ್ತದೆ, ಎರಡನೆಯದು ಯಾವ ಥರದ ತೊಂದರೆ ಅಂತ. 100 ಅಂದರೆ ಇಂಜಿನ್ ಆಯಿಲ್ ಪ್ರೆಷರ್. ಅದರ ಜೊತೆ 1 ಬಂದರೆ ಪ್ರೆಷರ್ ನಿಜಕ್ಕೂ ಇಳಿದಿದೆ, ತಕ್ಷಣ ಇಂಜಿನ್ ಆಫ್ ಮಾಡಬೇಕು. 4 ಬಂದರೆ ಸೆನ್ಸರ್ ಕಡೆಯಿಂದ ಬರುವ ವೋಲ್ಟೇಜ್ ಕಮ್ಮಿಯಾಗಿದೆ, ಮೊದಲು ವೈರಿಂಗ್ ನೋಡಬೇಕು. 100 ಅಂತ ಕಂಡ ಕೂಡಲೇ ಆಯಿಲ್ ಪಂಪ್ ಬಿಚ್ಚಲು ಹೊರಟವರನ್ನು ನಾನು ನೋಡಿದ್ದೇನೆ. ಆ ಎರಡನೇ ಸಂಖ್ಯೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ನಮ್ಮ ಕೆಲಸ ಇಷ್ಟು ಬದಲಾಗಲು ಕಾರಣಗಳು ಹಲವು. ನಾಗರಿಕ ಬಳಕೆಯ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ನೂರು ಮೀಟರ್ ಆಚೀಚೆ ತೋರಿಸುತ್ತಿದ್ದದ್ದು ಹತ್ತಿಪ್ಪತ್ತು ಮೀಟರಿಗೆ ಬಂತು. ಆರ್‌ಟಿಕೆ ಅನ್ನುವ ತಿದ್ದುಪಡಿ ಸಂಕೇತ ಸೇರಿಸಿದರೆ ಎರಡು ಮೂರು ಸೆಂಟಿಮೀಟರ್ ಒಳಗೆ ನಿಲ್ಲುತ್ತದೆ. ಐಸೋಬಸ್ ಅನ್ನುವ, ಬೇರೆ ಬೇರೆ ಕಂಪನಿಗಳ ಯಂತ್ರಗಳು ಮಾತಾಡಿಕೊಳ್ಳುವ ಒಂದೇ ಪದ್ಧತಿ ಬಂದ ಮೇಲೆ ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ ಬಿತ್ತನೆ ಯಂತ್ರ ಕಟ್ಟಿ, ಒಂದೇ ಸ್ಕ್ರೀನಿನಲ್ಲಿ ಎರಡನ್ನೂ ನಡೆಸಬಹುದು. ಜೊತೆಗೆ ಕೆಲಸಕ್ಕೆ ಕೈಗಳು ಕಮ್ಮಿಯಾಗಿವೆ. 2000ದಲ್ಲಿ ಜಗತ್ತಿನ ದುಡಿಯುವ ಜನರಲ್ಲಿ ಶೇ 40ರಷ್ಟು ಮಂದಿ ಕೃಷಿಯಲ್ಲಿದ್ದರು. ಈಗ ನಾಲ್ಕನೇ ಒಂದು ಭಾಗದ ಆಸುಪಾಸು. ಹೊಲದಲ್ಲಿ ಉಳಿದವರ ಕೈಗೆ ಜಾಸ್ತಿ ಯಂತ್ರ, ಜಾಸ್ತಿ ಲೆಕ್ಕ ಬಂದಿದೆ.

ಇಂಥ ಮಾತು ಬಂದಾಗೆಲ್ಲ ಎಲ್ಲರೂ "ಕಂಪ್ಯೂಟರ್ ಕಲಿಸಿ" ಅನ್ನುತ್ತಾರೆ. ಸ್ಕ್ರೀನ್ ಒತ್ತಲು ಯಾರಿಗೂ ಒಂದು ವಾರಕ್ಕಿಂತ ಜಾಸ್ತಿ ಬೇಕಿಲ್ಲ, ಎಲ್ಲರ ಕೈಯಲ್ಲೂ ಫೋನಿದೆ ಅಲ್ವಾ? ಸ್ಕ್ರೀನ್ ತೋರಿಸುವ ಸಂಖ್ಯೆ ಎಲ್ಲಿಂದ ಬಂತು, ಅದು ಏನನ್ನು ನೋಡಿದೆ, ಏನನ್ನು ನೋಡಿಲ್ಲ ಅಂತ ತಿಳಿಯಲು ಮಾತ್ರ ವರ್ಷಗಳು ಬೇಕು. ನಾನು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಈಗ ಹುಡುಕುವುದು ಇದನ್ನೇ.

ಸಿಂಪರಣೆ ಯಂತ್ರವನ್ನೇ ನೋಡಿ. ಹೆಕ್ಟೇರಿಗೆ 200 ಲೀಟರ್ ಅಂತ ಸೆಟ್ ಮಾಡುತ್ತೀರಿ. ಹೊಲದ ಉದ್ದಕ್ಕೂ ಸ್ಕ್ರೀನ್ 200 ಅಂತಲೇ ತೋರಿಸುತ್ತದೆ. ಆದರೆ ಸಾಮಾನ್ಯ ಯಂತ್ರಗಳಲ್ಲಿ ಫ್ಲೋ ಮೀಟರ್ ಅಳೆಯುವುದು ಒಟ್ಟು ಹರಿವನ್ನು ಮಾತ್ರ. ಒಂದು ನಾಝಲ್ (ಔಷಧಿ ಚಿಮ್ಮುವ ಮೂತಿ) ಕಟ್ಟಿಕೊಂಡರೆ ಕಂಟ್ರೋಲರ್ ಪ್ರೆಷರ್ ಏರಿಸಿ ಉಳಿದ ನಾಝಲ್‌ಗಳಿಂದ ಅಷ್ಟನ್ನೂ ತುಂಬಿಸಿಬಿಡುತ್ತದೆ. ಸ್ಕ್ರೀನಿನಲ್ಲಿ ಲೆಕ್ಕ ಸರಿ. ಹೊಲದಲ್ಲಿ ಒಂದು ಪಟ್ಟಿಗೆ ಔಷಧಿಯೇ ಬಿದ್ದಿಲ್ಲ, ಪಕ್ಕದ ಪಟ್ಟಿಗಳಿಗೆ ಹೆಚ್ಚಾಗಿದೆ.

ಇದಕ್ಕೆ ಬೇಕಾದದ್ದು ಒಂದು ಅಳತೆ ಜಾಡಿ ಮತ್ತು ಫೋನಿನ ಸ್ಟಾಪ್‌ವಾಚ್. ಟ್ಯಾಂಕಿಗೆ ಬರೀ ನೀರು ತುಂಬಿ, ಪ್ರತಿ ನಾಝಲ್ ಕೆಳಗೆ ಒಂದು ನಿಮಿಷ ಜಾಡಿ ಹಿಡಿಯಬೇಕು. ಅದೇ ಪ್ರೆಷರಿನಲ್ಲಿ ಹೊಸ ನಾಝಲ್ ಕೊಡುವುದಕ್ಕಿಂತ ಶೇ 10ರಷ್ಟು ಜಾಸ್ತಿ ಬಂದರೆ ಅದು ಸವೆದಿದೆ, ಬದಲಿಸಬೇಕು. ಲೆಕ್ಕವೂ ಸುಲಭ. ಒಂದು ನಾಝಲ್‌ನಿಂದ ನಿಮಿಷಕ್ಕೆ ಬರುವ ಲೀಟರನ್ನು 600ರಿಂದ ಗುಣಿಸಿ, ಗಂಟೆಗೆ ಎಷ್ಟು ಕಿಲೋಮೀಟರ್ ವೇಗ ಅನ್ನುವುದರಿಂದಲೂ, ನಾಝಲ್‌ಗಳ ನಡುವಿನ ಅಂತರ ಎಷ್ಟು ಮೀಟರ್ ಅನ್ನುವುದರಿಂದಲೂ ಭಾಗಿಸಿದರೆ ಹೆಕ್ಟೇರಿಗೆ ಎಷ್ಟು ಲೀಟರ್ ಅಂತ ಸಿಗುತ್ತದೆ. ಒಂದು ನಿಮಿಷಕ್ಕೆ 0.8 ಲೀಟರ್, ವೇಗ 6 ಕಿಲೋಮೀಟರ್, ಅಂತರ 0.5 ಮೀಟರ್ ಇದ್ದರೆ 160 ಲೀಟರ್. ತರಬೇತಿಗೆ ಬಂದ ಹುಡುಗರಿಗೆ ನಾನು ಮೊದಲ ದಿನ ಇದನ್ನೇ ಮಾಡಿಸುತ್ತೇನೆ. ಪ್ಯಾಂಟ್ ಒದ್ದೆಯಾಗುತ್ತದೆ, ಪಾಠ ಮರೆಯುವುದಿಲ್ಲ.

ಕಲಿಯಲು ಇನ್ನೂ ಬೇಕಾದಷ್ಟಿದೆ. ಬ್ಯಾಟರಿ ಟ್ರ್ಯಾಕ್ಟರುಗಳು ಬರುತ್ತಿವೆ, ಕೇಸರಿ ಬಣ್ಣದ ಹೈ ವೋಲ್ಟೇಜ್ ಕೇಬಲನ್ನು ತರಬೇತಿ ಇಲ್ಲದೆ ಯಾರೂ ಮುಟ್ಟಬಾರದು. ಡ್ರೋನ್, ಉಪಗ್ರಹದ ಚಿತ್ರ ಇವನ್ನೆಲ್ಲ ಓದುವವರು ಬೇಕು. ಯಂತ್ರದ ತೊಂದರೆ ಪತ್ತೆ ಮಾಡುವ ಸಾಫ್ಟ್‌ವೇರನ್ನೇ ಕೆಲವು ತಯಾರಕರು ಹೊರಗಿನ ಮೆಕ್ಯಾನಿಕ್‌ಗಳಿಗೆ ಕೊಡುವುದಿಲ್ಲ, ಹಾಗಾಗಿ ಕಲಿಯುವ ಮನಸ್ಸಿದ್ದರೂ ದಾರಿ ಮುಚ್ಚಿರುತ್ತದೆ. ಇದು ಸರಿಯಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗಾಗಿಯೇ ರಿಪೇರಿ ಹಕ್ಕಿನ ಕಾನೂನು ಮಾಡಿತು. ಮಿಕ್ಕವರೂ ಆ ದಾರಿ ಹಿಡಿಯಬೇಕು.

ಆದರೆ ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಡುತ್ತಿರುವುದು ಯಂತ್ರ ಓಡಿಸುವವರಿಗೆ. ಎಷ್ಟೋ ತೊಂದರೆಗಳು ವರ್ಕ್‌ಶಾಪಿಗೆ ಬರುವ ಮೊದಲೇ ಹೊಲದಲ್ಲಿ ಬಗೆಹರಿಯುವಂಥವು. "ಜಿಪಿಎಸ್ ಕೆಟ್ಟಿದೆ, ಸಾಲು ಸರಿಯಾಗಿ ಕೂರುತ್ತಿಲ್ಲ" ಅನ್ನುವ ಫೋನು ನಮಗೆ ಪ್ರತಿ ಬಿತ್ತನೆಯಲ್ಲೂ ಬರುತ್ತದೆ. ಮೊದಲೆಲ್ಲ ಗಾಡಿ ಹತ್ತಿ ಹೊರಟುಬಿಡುತ್ತಿದ್ದೆ. ಈಗ ಒಂದೇ ಕೇಳುತ್ತೇನೆ: ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ ಟೇಪ್ ಹಿಡಿದು ನಾಲ್ಕು ಕಡೆ ಅಳೆದು ಹೇಳಿ. ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಜಾಸ್ತಿ ಅಥವಾ ಕಮ್ಮಿ ಇದ್ದರೆ, ಯಂತ್ರದ ಅಗಲವನ್ನು ಸ್ಕ್ರೀನಿನಲ್ಲಿ ತಪ್ಪಾಗಿ ಹಾಕಿದ್ದಾರೆ. ಒಂದು ಅಗಲ, ಒಂದು ಕಿರಿದು, ಮತ್ತೆ ಒಂದು ಅಗಲ ಅಂತ ಬಂದರೆ, ಬಿತ್ತನೆ ಯಂತ್ರ ಟ್ರ್ಯಾಕ್ಟರಿನ ನಡುಗೆರೆಯಿಂದ ಒಂದು ಪಕ್ಕಕ್ಕೆ ಸರಿದಿದೆ. ಹೋಗುವಾಗ ಒಂದು ಕಡೆಗೆ, ಬರುವಾಗ ಎದುರು ಕಡೆಗೆ ಸರಿಯುವುದರಿಂದ ಹಾಗಾಗುತ್ತದೆ. ಅಗಲಕ್ಕೂ ಕಿರಿದಕ್ಕೂ ಇರುವ ವ್ಯತ್ಯಾಸದ ಕಾಲು ಭಾಗವನ್ನು ಸ್ಕ್ರೀನಿನಲ್ಲಿ ತಿದ್ದಿದರೆ ಸಾಕು.

ಈ ಸಲದ ಬಿತ್ತನೆಯಲ್ಲಿ ಒಬ್ಬ ಡ್ರೈವರ್ ಫೋನ್ ಮಾಡಿದ. ಹೋದ ವರ್ಷ ನಮ್ಮಲ್ಲಿ ಎರಡು ದಿನ ತರಬೇತಿ ತೆಗೆದುಕೊಂಡವನು. ನಾನು ಕೇಳುವ ಮೊದಲೇ ಹೇಳಿದ: "ಅಣ್ಣ, ಸಾಲಿನ ಅಂತರ 75 ಇರಬೇಕಿತ್ತು. ಒಂದು ಕಡೆ 83 ಬರ್ತಿದೆ, ಅದರ ಪಕ್ಕದ್ದು 67. ಐದು ಕಡೆ ಅಳೆದೆ. 4 ಸೆಂಟಿಮೀಟರ್ ತಿದ್ದಬೇಕು ಅಲ್ವಾ? ಎಡಕ್ಕೋ ಬಲಕ್ಕೋ ಅನ್ನೋದೊಂದು ಹೇಳಿ." ಯಂತ್ರ ಯಾವ ಕಡೆ ಸರಿದಿದೆ ಅಂತ ಹಿಂದೆ ನಿಂತು ನೋಡಲು ಹೇಳಿದೆ. ಫೋನ್ ಇಟ್ಟ. ಹತ್ತು ನಿಮಿಷ ಬಿಟ್ಟು ಒಂದು ಫೋಟೊ ಕಳಿಸಿದ. ಮಣ್ಣಿನ ಮೇಲೆ ಟೇಪು ಹಾಸಿತ್ತು, ಎರಡು ಸಾಲಿನ ನಡುವೆ 75.