ತೋಪಿನ ಮೇಲಿನ ದೇವರ ಹೆಸರು

ನಿನ್ನೆ ಸಂಜೆ ವಿಜಯಪುರದ ಷೆರ್ಜಾ ಬುರುಜನ್ನೇರಿ, ರಜೆಗೆ ಬಂದಿರುವ ಅಣ್ಣನ ಮಗನಿಗೆ ಮಲಿಕ್-ಎ-ಮೈದಾನ ತೋಪನ್ನು ತೋರಿಸಿದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ಮೇಲೆ ದೇವರ ಹೆಸರಿನ ಜೊತೆಗೆ, ತನ್ನನ್ನು ಪ್ರವಾದಿಯ ಮನೆತನದ ಸೇವಕನೆಂದು ಕರೆದುಕೊಂಡ ನಿಜಾಮಶಾಹಿ ಅರಸನ ಹೆಸರೂ ಇದೆ. 1686ರಲ್ಲಿ ವಿಜಯಪುರವನ್ನು ಆಳುತ್ತಿದ್ದ ಆದಿಲಶಾಹಿಯನ್ನು ಸೋಲಿಸಿದ ಮೊಘಲ್ ಬಾದಶಹ ಔರಂಗಜೇಬನು, ಅದೇ ದೇವರನ್ನು ನಂಬಿದವನು, ಅದೇ ಲೋಹದ ಮೇಲೆ ತನ್ನ ಗೆಲುವನ್ನೂ ಕೆತ್ತಿಸಿದ.

“ಹಂಗಾದ್ರ ಕಾಕಾ, ದೇವರು ಯಾರ ಕಡೆ ಇದ್ದ?” ಎಂದು ಹುಡುಗ ಕೇಳಿದ.

ದೇವರನ್ನು ನಂಬುವುದರಲ್ಲಿ ನನಗೆ ತಕರಾರಿಲ್ಲ. ಸೋಮವಾರ ಸಿದ್ಧೇಶ್ವರ ಗುಡಿಗೆ ತಪ್ಪದೆ ಹೋಗುವವನು ನಾನು. ಆದರೆ ದಂಡನ್ನು ನಡೆಸುವವನು ತನ್ನ ತೀರ್ಮಾನವನ್ನೇ ದೈವಾಜ್ಞೆಯೆಂದು ನಂಬಿದ ಗಳಿಗೆಯಿಂದ, ಸಲಹೆ ಕೊಡುವ ಮಂತ್ರಿ ಅವನಿಗೆ ಅಶ್ರದ್ಧನಾಗಿಯೂ, ಸಂಧಿಗೆ ಬಂದ ಶತ್ರು ಪಾಪಿಯಾಗಿಯೂ ಕಾಣತೊಡಗುತ್ತಾನೆ, ಹಿಂದೆ ಸರಿಯುವುದೇ ಧರ್ಮದ್ರೋಹವಾಗುತ್ತದೆ. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕ್ರೈಸ್ತರ ಧರ್ಮಯುದ್ಧಕ್ಕೆ (ಕ್ರುಸೇಡ್) ಕರೆ ಕೊಟ್ಟಾಗ “ಇದು ದೇವರ ಇಚ್ಛೆ” ಎಂದು ಕೂಗಿ ಹೊರಟವರು, 1099ರಲ್ಲಿ ಜೆರುಸಲೇಮಿನೊಳಗೆ ನುಗ್ಗಿ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದರು. ಮೊದಲ ಮಹಾಯುದ್ಧದಲ್ಲಿ ಅನೇಕ ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆಯೇ “ದೇವರು ನಮ್ಮೊಂದಿಗೆ” ಎಂದಿತ್ತು. (ಎದುರಿನ ಕಂದಕದಲ್ಲಿದ್ದ ಆಂಗ್ಲರೂ ಆ ದೇವರಿಗೇ ಪ್ರಾರ್ಥಿಸುತ್ತಿದ್ದರು.)

ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವವನು ಅಮೆರಿಕದ ಅಧ್ಯಕ್ಷನಾಗಿದ್ದ ಲಿಂಕನ್. 1865ರ ಮಾರ್ಚಿನಲ್ಲಿ, ಅಲ್ಲಿನ ಅಂತರ್ಯುದ್ಧದಲ್ಲಿ ತನ್ನ ಸೈನ್ಯ ಗೆಲುವಿನ ಹೊಸ್ತಿಲಲ್ಲಿದ್ದಾಗಲೂ, ಎರಡೂ ಪಕ್ಷದವರು ಒಂದೇ ದೇವರನ್ನು ಬೇಡಿದ್ದಾರೆ, ಇಬ್ಬರ ಪ್ರಾರ್ಥನೆಯೂ ಪೂರ್ತಿಯಾಗಿ ಈಡೇರಿಲ್ಲ ಎಂದು ಅವನು ಹೇಳಿದ.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗ, ತೋಪಿನ ಸಿಂಹದ ಬಾಯಲ್ಲಿ ಸಿಕ್ಕಿಕೊಂಡ ಆನೆಯನ್ನು ಬಗ್ಗಿ ನೋಡುತ್ತ ನಿಂತಿದ್ದ.