ಕೀಮೋ ನಡೆಯುವಾಗ ಮನೆಯವರ ಹೊಣೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ ಈ ಮಳೆಗಾಲ ಚಿಕ್ಕಮ್ಮ ಪ್ರತ್ಯೇಕ ಕೋಣೆಯಲ್ಲಿದ್ದಾರೆ. ಲಿಂಫೋಮಾ ಎಂಬ ಕ್ಯಾನ್ಸರಿಗೆ ಅವರು 21 ದಿನಗಳಿಗೊಮ್ಮೆ ಕೀಮೋಥೆರಪಿ ತೆಗೆದುಕೊಳ್ಳುತ್ತಿದ್ದಾರೆ. ಪ್ರತಿ ಸುತ್ತಿನ ಔಷಧ ಮೈಸೇರಿದ ಮೇಲೆ, ಸುಮಾರು 7ರಿಂದ 14ನೆಯ ದಿನದ ನಡುವೆ, ಸೋಂಕನ್ನು ತಡೆಯುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು 500ಕ್ಕಿಂತ ಕೆಳಗಿಳಿದಾಗ, ಇತರರಿಗೆ ನೆಗಡಿಯಷ್ಟರಲ್ಲಿ ಮುಗಿಯುವ ಸೋಂಕು ಅವರ ಪ್ರಾಣಕ್ಕೇ ಕುತ್ತು ತರಬಹುದು. ಆ ದಿನಗಳನ್ನು ದಾಟಿಸುವ ಹೊಣೆಯನ್ನು ಮನೆಯವರು ಹೊರಬೇಕು. ಸುಸ್ತಾಗಿ ಮಲಗಿದವರೇ ತಮ್ಮ ಬಾಗಿಲಿಗೆ ತಾವೇ ಕಾವಲು ನಿಲ್ಲುವಂತಾಗಬಾರದು.

ನಮ್ಮ ಕಡೆ ಕಾಯಿಲೆಯೆಂದು ತಿಳಿದೊಡನೆ ನೆಂಟರು, ಊರವರು ಹಣ್ಣು ಹಿಡಿದು ನೋಡಲು ಬರುತ್ತಾರೆ. ಬಂದವರನ್ನು ಜಗಲಿಯಿಂದಲೇ ಕಳಿಸುವುದು ಚಿಕ್ಕಪ್ಪನಿಗೆ ಸಾಧ್ಯವೇ ಇಲ್ಲ, ಚಿಕ್ಕಮ್ಮನಿಗಂತೂ ಇನ್ನೂ ಕಷ್ಟ. ಆದ್ದರಿಂದ ಹಿರಿಯರಿಗೆಲ್ಲ ನಾನೇ ಮುಂಚಿತವಾಗಿ ಫೋನ್ ಮಾಡಿ, ಕಣಗಳ ಎಣಿಕೆ ಏರುವ ಮೂರನೆಯ ವಾರದಲ್ಲಿ ಬರಬೇಕೆಂದೂ ಕೆಮ್ಮು ಜ್ವರ ಇರುವ ಮಕ್ಕಳನ್ನು ಕರೆತರಬಾರದೆಂದೂ ಕೇಳಿಕೊಂಡೆ. ಕಾರಣ ಬಿಡಿಸಿ ಹೇಳಿದಾಗ ಯಾರೂ ಮುನಿಸಿಕೊಳ್ಳಲಿಲ್ಲ.

ಚಿಕ್ಕಮ್ಮನ ನೋವು ಬೇರೆಯೇ ಇತ್ತು. "ನಾನೇ ಏನೋ ಅಂಟಿಸ್ತೀನಿ ಅನ್ನೋ ಹಾಗೆ ಎಲ್ಲರೂ ದೂರ ನಿಲ್ತಾರಲ್ಲೇ" ಎಂದು ಒಂದು ಸಂಜೆ ಅತ್ತರು. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಪಾಯವಿರುವುದು ನಮ್ಮಿಂದ ಅವರಿಗೆ. ಇದನ್ನು ಮನೆಯ ಪ್ರತಿಯೊಬ್ಬರೂ ಅವರೆದುರೇ ಹೇಳಬೇಕು, ಹೇಳಿ ಸುಮ್ಮನಾಗದೆ ಕೈ ತೊಳೆದು, ಮಾಸ್ಕ್ ಹಾಕಿ, ಹತ್ತಿರ ಕೂತು ಮಾತಾಡಬೇಕು. ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಒಳಗೆ ಬರುತ್ತಾರೆ. ವೈದ್ಯರ ಸಲಹೆಯಂತೆ ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೇವೆ.

ಮಲೆನಾಡಿನ ಮಳೆಗಾಲಕ್ಕೆ ಅದರದೇ ತೊಂದರೆಗಳಿವೆ. ಗೋಡೆಯ ಮೇಲೆ ಬೂಷ್ಟು ಹಿಡಿಯುತ್ತದೆ, ಅದರ ಕಣಗಳು ಇಂಥವರ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗಾಗಿ ಮನೆಯಲ್ಲಿ ಎಲ್ಲಕ್ಕಿಂತ ಒಣಗಿದ, ಗಾಳಿ ಬೆಳಕಿರುವ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟೆವು. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರನ್ನು ಕುದಿಸಿ ಆರಿಸಿಯೇ ಕೊಡುತ್ತೇವೆ. ಅವರಿಗೆ ಪ್ರಿಯವಾದ ಒಂದೆಲಗದ ತಂಬುಳಿ ಸದ್ಯಕ್ಕಿಲ್ಲ, ಏಕೆಂದರೆ ಒದ್ದೆ ನೆಲದಲ್ಲಿ ಹಬ್ಬುವ ಆ ಎಲೆಯನ್ನು ಹಸಿಯಾಗಿಯೇ ಅರೆಯುತ್ತೇವೆ. ಮಣ್ಣು ಮುಟ್ಟುವ ಹಾಗಿಲ್ಲವಾದ್ದರಿಂದ ಡೇರೆ ಗೆಡ್ಡೆಗಳನ್ನು ನಾವು ನೆಟ್ಟೆವು. ಯಾವ ಬಣ್ಣದ್ದು ಎಲ್ಲಿರಬೇಕೆಂದು ಅವರು ಕಿಟಕಿಯಿಂದ ಹೇಳುತ್ತಿದ್ದರು. ಹೀಗೆ ಅವರ ಮಾತು ನಡೆಯುವ ಕೆಲಸಗಳು ಕೆಲವಾದರೂ ಉಳಿಯಬೇಕು ಎಂಬುದು ನನ್ನ ಹಟ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್, ಕಂಡರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಲೇಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಿಸಿದರೆ ಜ್ವರ ಮರೆಯಾಗಿ, ಸೋಂಕು ಒಳಗೇ ಬೆಳೆಯುತ್ತದೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಸೇರಬೇಕೆಂಬುದು ವೈದ್ಯಕೀಯ ನಿಯಮ. ಕೀಮೋ ನಡೆಯುತ್ತಿದೆ ಎಂದು ಬಾಗಿಲಲ್ಲೇ ಹೇಳಬೇಕು, ಹೊರರೋಗಿಗಳ ಸರದಿಯಲ್ಲಿ ಕೂರಿಸಬಾರದು. ಪುಷ್ಯ ಮಳೆಯ ರಾತ್ರಿಗಳಲ್ಲಿ ರಸ್ತೆಗೆ ಮರ ಬೀಳುತ್ತದೆ, ಕರೆಂಟಿನ ಜೊತೆ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ಜೀಪಿರುವ ಪಕ್ಕದ ಮನೆಯವರಿಗೆ ಕಣಗಳು ಇಳಿಯುವ ವಾರದ ತಾರೀಖುಗಳನ್ನು ಮೊದಲೇ ಬರೆದುಕೊಡುತ್ತೇವೆ, ರಿಪೋರ್ಟುಗಳ ಚೀಲವನ್ನು ಬಾಗಿಲ ಬಳಿ ತೂಗುಹಾಕಿರುತ್ತೇವೆ. ಕಣಗಳು ಇಳಿಯುವ ದಿನಗಳಲ್ಲಿ ಶಿವಮೊಗ್ಗದ ನೆಂಟರ ಮನೆಯಲ್ಲೇ ಉಳಿಯುವುದು ಇನ್ನೂ ಲೇಸು. ಮುಂದಿನ ಸುತ್ತಿಗೆ ಅಲ್ಲಿ ಒಂದು ಕೋಣೆ ಕೇಳಿದ್ದೇವೆ, ಅವರು ಒಪ್ಪಿದ್ದಾರೆ.