ನಿಮಗೇನು, ಸುಲಭ ಬಿಡಿ

ನಾನು ಬೈಸೆಕ್ಷುಯಲ್ (ಬೈ), ಅಂದರೆ ಗಂಡಸರೂ ಹೆಂಗಸರೂ ಇಷ್ಟ ಆಗುವವಳು ಅಂತ ಗೊತ್ತಾದವರಲ್ಲಿ ಕೂಗಾಡಿದವರು ಕಡಿಮೆ. ಅತಿ ಜಾಸ್ತಿ ಕೇಳಿರುವುದು ಒಂದೇ ಮಾತು: "ನಿಮಗೇನು, ಸುಲಭ ಬಿಡಿ. ಗಂಡಸರೂ ಇಷ್ಟ ಆಗ್ತಾರಲ್ಲ, ಒಬ್ಬ ಒಳ್ಳೆ ಹುಡುಗನನ್ನ ಮದುವೆ ಆದ್ರೆ ಮುಗೀತು." ಹೀಗೆ ಅಂದವರಲ್ಲಿ ಚಿಕ್ಕಮ್ಮ ಇದ್ದಾಳೆ, ಆಫೀಸಿನವರಿದ್ದಾರೆ, ನನ್ನ ಗೇ ಗೆಳೆಯರೂ ಇದ್ದಾರೆ. ನಾನು ಒಬ್ಬ ಒಳ್ಳೆ ಹುಡುಗನನ್ನು ಮದುವೆಯೂ ಆಗಿದ್ದೇನೆ. ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ, ಮುಗಿಯಲ್ಲ.

ಮದುವೆಗೆ ಮುಂಚೆ ಕೆಲವು ವರ್ಷ ಒಬ್ಬಳು ಹುಡುಗಿಯ ಜೊತೆ ಇದ್ದೆ. ಬಸವನಗುಡಿಯಲ್ಲಿ ಮೇಲಿನ ಮಹಡಿಯ ಮನೆ. ಅಡುಗೆಮನೆ ಎಷ್ಟು ಚಿಕ್ಕದು ಅಂದ್ರೆ ಒಬ್ಬರು ಕುಕ್ಕರ್ ಇಡುತ್ತಿದ್ದರೆ ಇನ್ನೊಬ್ಬರು ಬಾಗಿಲಲ್ಲಿ ಕೂತು ಹುರುಳಿಕಾಯಿ ಹೆಚ್ಚಬೇಕು. ಕೆಳಗಿನ ಓನರ್ ಆಂಟಿಗೆ ನಾವು ಫ್ರೆಂಡ್ಸು, ಊರಲ್ಲಿ ಅಮ್ಮನಿಗೆ ಅವಳು ನನ್ನ ರೂಮ್‌ಮೇಟ್. ಇಬ್ಬರು ಹುಡುಗಿಯರು ಒಟ್ಟಿಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆ ಸಿಗುವುದು ಸುಲಭವಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ ಅವಳಿಗೆ ಮನೆಯಲ್ಲಿ ಗಂಡು ನೋಡಿದರು, ಒತ್ತಡ ಜಾಸ್ತಿಯಾಯಿತು, ಒಂದು ಭಾನುವಾರ ಅವಳ ಅಣ್ಣ ಬಂದು ಸಾಮಾನು ಕಾರಿಗೆ ತುಂಬಿದ. ಮಿಕ್ಸಿ ಯಾರದ್ದು ಅಂತ ನನ್ನನ್ನೇ ಕೇಳಿದ. ನಮ್ಮಿಬ್ಬರದು ಅಂತ ಹೇಳುವ ಹಾಗಿರಲಿಲ್ಲ, ಅವಳದ್ದೇ ತಗೊಂಡು ಹೋಗಿ ಅಂದೆ.

ಅದಾದ ಮೇಲೆ ತಿಂಗಳುಗಟ್ಟಲೆ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುವುದು ಒಂದು ಅಭ್ಯಾಸವೇ ಆಗಿಹೋಯಿತು. ಅಮ್ಮ ಫೋನಿನಲ್ಲಿ, "ರೂಮ್‌ಮೇಟ್ ಹೋದ್ಲು ಅಂತ ಯಾರಾದ್ರೂ ಇಷ್ಟು ಬೇಜಾರು ಮಾಡ್ಕೋತಾರಾ ಪುಟ್ಟಿ, ಇನ್ನೊಬ್ಬಳು ಸಿಗ್ತಾಳೆ ಬಿಡು" ಅಂದಳು. ಪ್ರೀತಿಯಿಂದಲೇ ಹೇಳಿದ್ದು. ಯಾವನಾದರೂ ಹುಡುಗ ಕೈಕೊಟ್ಟಿದ್ದರೆ ಅದೇ ಅಮ್ಮ ಆವತ್ತೇ ರಾತ್ರಿ ಬಸ್ಸು ಹತ್ತಿ ಬಂದಿರುತ್ತಿದ್ದಳು.

ನಮ್ಮಂಥವರ ಆರೋಗ್ಯ ಅಂದ ಕೂಡಲೇ ಜನರ ತಲೆ ಸೀದಾ ಎಚ್‌ಐವಿ ಕಡೆ ಹೋಗುತ್ತೆ. ಅದಕ್ಕೂ ಬರುತ್ತೇನೆ. ಆದರೆ ನಾನು ನೋಡಿರುವ ಹಾಗೆ ಬೈ ಜನರನ್ನು ಹೆಚ್ಚು ಹಣ್ಣು ಮಾಡುವುದು ಈ ಬಚ್ಚಿಡುವ ಕೆಲಸ. ಅರ್ಧ ಬದುಕನ್ನು ಹೇಳಿದರೂ ಎಲ್ಲರಿಗೂ ಕಥೆ ಪೂರ್ತಿಯಾದಂತೆ ಕಾಣುತ್ತೆ, ಹಾಗಾಗಿ ಇನ್ನರ್ಧ ಯಾರೂ ಕೇಳುವುದೇ ಇಲ್ಲ, ನಾವೂ ಹೇಳುವುದಿಲ್ಲ. ಖಿನ್ನತೆ, ಆತಂಕ ಬೈ ಜನರಲ್ಲಿ ಗೇ ಮತ್ತು ಲೆಸ್ಬಿಯನ್ ಜನರಿಗಿಂತಲೂ ಹೆಚ್ಚಾಗಿ ಕಾಣುತ್ತೆ ಅಂತ ಹೊರದೇಶದ ಹಲವು ಅಧ್ಯಯನಗಳು ಹೇಳಿವೆ. ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2010ರಲ್ಲಿ ಮಾಡಿದ ಒಂದು ದೊಡ್ಡ ಸಮೀಕ್ಷೆಯಲ್ಲಂತೂ, ಸಂಗಾತಿಯಿಂದಲೇ ಅತ್ಯಾಚಾರ, ಹೊಡೆತ ಅಥವಾ ಬೆನ್ನುಬಿದ್ದು ಕಾಡುವ ಹಿಂಸೆ ಅನುಭವಿಸಿದ್ದೇವೆ ಅಂದ ಹೆಂಗಸರು ಬೈ ಗುಂಪಿನಲ್ಲಿ ಶೇ 61. ಲೆಸ್ಬಿಯನ್ ಹೆಂಗಸರಲ್ಲಿ ಶೇ 44, ಗಂಡಸರನ್ನಷ್ಟೇ ಇಷ್ಟಪಡುವ ಹೆಂಗಸರಲ್ಲಿ ಶೇ 35. ಬೈ ಹೆಂಗಸರಿಗೆ ಹಿಂಸೆ ಕೊಟ್ಟವರಲ್ಲಿ ಹೆಚ್ಚಿನವರು ಗಂಡಸರೇ. ಒಳ್ಳೆ ಹುಡುಗನನ್ನ ಮದುವೆ ಆದ್ರೆ ಮುಗೀತು ಅನ್ನುವವರು ಈ ಅಂಕಿಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ಲೆಕ್ಕ ಅಂತ ತಳ್ಳಿಹಾಕಬಹುದು, ಆದರೆ "ನಿನ್ನ ಹಳೇ ವಿಷಯ ನಿಮ್ಮಪ್ಪನಿಗೆ ಹೇಳ್ತೀನಿ" ಅಂತ ಗಂಡನಿಂದ ಬೆದರಿಕೆ ಕೇಳಿಸಿಕೊಂಡವರು ನನಗೆ ಇಲ್ಲೇ ಬೆಂಗಳೂರಲ್ಲೇ ಗೊತ್ತು.

ಆ ಕೆಟ್ಟ ದಿನಗಳಲ್ಲಿ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿದ್ದೆ. ಹೆಸರು ಬೇಡ. ಎಲ್ಲ ಕೇಳಿಸಿಕೊಂಡು, ತುಂಬಾ ಮೃದುವಾಗಿ, "ಎರಡೂ ಕಡೆ ಮನಸ್ಸಿದೆ ಅಂದ್ರೆ ಆಯ್ಕೆ ನಿಮ್ಮ ಕೈಲೇ ಇದೆ ಅಲ್ವಾ? ಕಷ್ಟದ ದಾರಿ ಯಾಕೆ?" ಅಂದರು. ಹೋಮ್‌ವರ್ಕ್ ಬೇರೆ ಕೊಟ್ಟರು, ನನ್ನ ಗಂಡ ಆಗುವವನಲ್ಲಿ ಯಾವ ಗುಣಗಳಿರಬೇಕು ಅಂತ ಬರೆದು ತರಬೇಕು. ಬರೆದೆ ಕೂಡ! ಅಡುಗೆ ಬರಬೇಕು ಅಂತ ಮೊದಲ ಸಾಲು.

ಈಗ ಯೋಚಿಸಿದರೆ ಸಿಟ್ಟು ಬರುತ್ತೆ. ಲೈಂಗಿಕ ಒಲವನ್ನು 'ಬದಲಾಯಿಸುತ್ತೇವೆ' ಅನ್ನುವ ಕನ್ವರ್ಷನ್ ಥೆರಪಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಅಂತ ಘೋಷಿಸಿದೆ, ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ. ಅದು ಡಾಕ್ಟರುಗಳಿಗೆ. ಕರೆಂಟ್ ಶಾಕ್ ಕೊಡುವುದು, ಔಷಧ ಕೊಡುವುದು ತಪ್ಪು ಅಂತ ಎಲ್ಲರಿಗೂ ಅರ್ಥವಾಗುತ್ತೆ. ಬೈ ಜನರಿಗೆ ಅದೇ ಕೆಲಸವನ್ನು ನಗುನಗುತ್ತಾ ಸಲಹೆ ಅಂತ ಮಾಡುತ್ತಾರೆ. ಬದಲಾಗು ಅನ್ನುವುದಿಲ್ಲ, ಅನುಕೂಲವಾದದ್ದನ್ನು ಆರಿಸಿಕೋ ಅನ್ನುತ್ತಾರೆ. ನಾನು ಯಾರನ್ನು ಪ್ರೀತಿಸಿದೆ ಅನ್ನುವುದಕ್ಕೂ ತರಕಾರಿ ಆರಿಸುವುದಕ್ಕೂ ವ್ಯತ್ಯಾಸ ಇದೆ ಅಂತ ಆಗ ಬಾಯಿ ಬರಲಿಲ್ಲ. ಅಂದ ಹಾಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅಂತ ಸ್ಪಷ್ಟವಾಗಿದೆ. ಇದು ಗೊತ್ತಿರಲಿ, ಎದುರು ಕೂತವರಿಗೆ ಹೇಳಲಿಕ್ಕಾದರೂ ಆಗುತ್ತೆ.

ಇನ್ನು ಹೆಂಗಸರ ಡಾಕ್ಟರು. ಅಲ್ಲಿ ಮೊದಲ ಪ್ರಶ್ನೆ ಯಾವಾಗಲೂ "ಮದುವೆ ಆಗಿದೆಯಾ?" ಕೇಳಬೇಕಾದದ್ದು ಬೇರೆ, ಅದನ್ನು ಬಾಯಿಬಿಟ್ಟು ಕೇಳಲು ಅವರಿಗೂ ಸಂಕೋಚ. ಆಗಿಲ್ಲ ಅಂದರೆ ಪ್ಯಾಪ್ ಸ್ಮಿಯರ್ ಅನ್ನುವ ಗರ್ಭಕಂಠದ ತಪಾಸಣೆಯ ಮಾತೇ ಇಲ್ಲ. ಆಗಿದೆ ಅಂದರೆ ಮಕ್ಕಳು ಯಾವಾಗ ಅನ್ನುವಲ್ಲಿಗೆ ಬರುತ್ತಾರೆ. ಆ ನಡುವೆ ಹುಡುಗಿಯರ ಜೊತೆ ಇದ್ದವಳಿಗೆ ಜಾಗವೇ ಇಲ್ಲ. ನಾವೂ, ಗಂಡಸಿನ ಸಹವಾಸ ಇಲ್ಲವಲ್ಲ, ನಮಗೆಂಥ ತೊಂದರೆ ಅಂದುಕೊಂಡು ಸುಮ್ನೆ ಇದ್ದುಬಿಡುತ್ತೇವೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಹರಡುವುದಕ್ಕೆ ಗಂಡಸೇ ಬೇಕಿಲ್ಲ, ಚರ್ಮಕ್ಕೆ ಚರ್ಮ ತಗುಲಿದರೂ ಸಾಕು. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲೂ 30ರಿಂದ 65 ವಯಸ್ಸಿನ ಹೆಂಗಸರು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು ಅಂತಿದೆ. ತಾಳಿ ಇದ್ದವರು ಮಾತ್ರ ಅಂತ ಎಲ್ಲೂ ಬರೆದಿಲ್ಲ. ನಾನು ಈಗ ಡಾಕ್ಟರ ಮುಂದೆ ಕೂತ ಕೂಡಲೇ, "ಮದುವೆ ಆಗಿದೆ, ಅದಕ್ಕೆ ಮುಂಚೆ ಹುಡುಗಿಯ ಜೊತೆ ಸಂಬಂಧ ಇತ್ತು, ಟೆಸ್ಟ್ ಯಾವುದು ಬೇಕು ಹೇಳಿ" ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಒಬ್ಬರು ಪೆನ್ನು ಕೆಳಗಿಟ್ಟು ನರ್ಸಮ್ಮನನ್ನು ಹೊರಗೆ ಕಳಿಸಿದರು. ಆಮೇಲೆ ಸರಿಯಾಗಿಯೇ ನೋಡಿದರು ಪಾಪ.

ಗಂಡಸರ ಪಾಡು ಬೇರೆ. ನನ್ನ ಗೆಳೆಯನೊಬ್ಬ ಬೈ, ಮದುವೆಯಾಗಿದೆ, ಇಬ್ಬರು ಮಕ್ಕಳು, ಹೆಂಡತಿಗೆ ಎಲ್ಲ ಗೊತ್ತು. ಅವನ ಆಫೀಸಿನಲ್ಲಿ ರಕ್ತದಾನ ಶಿಬಿರ ನಡೆದಾಗ ಅವನಿಗೆ ಹೊಟ್ಟೆನೋವು ಬರುತ್ತೆ. ಯಾಕೆಂದರೆ 2017ರ ರಕ್ತದಾನಿಗಳ ಮಾರ್ಗಸೂಚಿಯಲ್ಲಿ, ಗಂಡಸರ ಜೊತೆ ಸೇರುವ ಗಂಡಸರು ರಕ್ತ ಕೊಡಲೇಬಾರದು ಅಂತಿದೆ, ಟ್ರಾನ್ಸ್ ಜನರನ್ನೂ ಅದರಲ್ಲೇ ಸೇರಿಸಿದ್ದಾರೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಹೋಗಿದ್ದಾರೆ. ಫಾರಂನಲ್ಲಿ ಸುಳ್ಳು ಬರೆಯಲು ಇವನಿಗೆ ಮನಸ್ಸಿಲ್ಲ, ನಿಜ ಬರೆದರೆ ಪಕ್ಕದ ಕುರ್ಚಿಯಲ್ಲಿ ಮ್ಯಾನೇಜರ್ ಕೂತಿರುತ್ತಾನೆ. ಹಾಗಾಗಿ ಹೊಟ್ಟೆನೋವು.

ಇವನಂಥವರು ಎಚ್‌ಐವಿ ಪರೀಕ್ಷೆಗೆ ಹೋಗುವುದಕ್ಕೂ ಹೆದರುತ್ತಾರೆ. ಅವರಿಗೆ ಹೇಳುವುದಿಷ್ಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಸಲಹೆ, ಪರೀಕ್ಷೆಗೆಂದೇ ಇರುವ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆಗೆ ದುಡ್ಡಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಊರಿಗೆಲ್ಲ ಹೇಳುವ ಹಾಗೂ ಇಲ್ಲ. ಏನಾದರೂ ಎಡವಟ್ಟಾದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಮಾತ್ರೆ ಇದೆ, ಪೆಪ್ ಅಂತಾರೆ. ಬೇಗ ಹೋದಷ್ಟೂ ಒಳ್ಳೆಯದು, ಸೋಮವಾರ ಬರಲಿ ಅಂತ ಕಾಯಬೇಡಿ. ಕೇಳಬೇಕು ಅನ್ನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಮನಸ್ಸಿಗೆ ಕಷ್ಟವಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಎತ್ತಿಕೊಂಡವರು ಬೈ ಜನರ ಬಗ್ಗೆ ತಿಳಿದವರೇ ಆಗಿರುತ್ತಾರೆ ಅನ್ನುವ ಗ್ಯಾರಂಟಿ ನಾನು ಕೊಡಲಾರೆ. ಆದರೂ ರಾತ್ರಿ ಎರಡು ಗಂಟೆಗೆ ಗೋಡೆ ನೋಡುತ್ತಾ ಕೂರುವುದಕ್ಕಿಂತ ವಾಸಿ.

ಹಾಗಾದರೆ ನಮ್ಮವರ, ಅಂದರೆ ಗೇ, ಲೆಸ್ಬಿಯನ್, ಬೈ, ಟ್ರಾನ್ಸ್ ಜನರ ಜೊತೆ ಸೇರಿದರೆ ನೆಮ್ಮದಿ ಸಿಗುತ್ತಲ್ಲ ಅಂದುಕೊಳ್ಳಬಹುದು. ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸವೇ ಇದೆ. 'ಗುಡ್ ಆ್ಯಸ್ ಯೂ' ಬೆಂಬಲ ಗುಂಪು ಶುರುವಾದದ್ದು 1994ರಲ್ಲಿ, ಪ್ರೈಡ್ ಮೆರವಣಿಗೆ 2008ರಲ್ಲಿ. 377ನೇ ಕಲಂ ಬಗ್ಗೆ, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ 2018ರ ಸೆಪ್ಟೆಂಬರ್ 6ಕ್ಕೂ ಎಷ್ಟೋ ಮುಂಚೆ ಇಲ್ಲಿ ಜನ ಬೀದಿಗೆ ಬಂದಿದ್ದರು. ಆದರೆ ನಾನು ಮೊದಲ ಸಲ ಹೋದ ಒಂದು ಸಭೆಯಲ್ಲಿ, ನಾನು ಬೈ ಅಂದ ಕೂಡಲೇ ಎದುರಿಗಿದ್ದ ಹುಡುಗಿ ನಕ್ಕು, "ಓ, ಆಮೇಲೆ ಗಂಡಸಿನ ಜೊತೆ ಓಡಿಹೋಗೋ ಪಾರ್ಟಿ" ಅಂದಳು. ಅವಳಿಗೆ ಹಾಗೆ ಆಗಿತ್ತಂತೆ, ಹುಡುಗಿಯೊಬ್ಬಳು ಬಿಟ್ಟು ಮದುವೆ ಆಗಿದ್ದಳಂತೆ. ನನಗೂ ಅದೇ ಆಗಿತ್ತಲ್ಲ! ಒಂದೇ ಗಾಯ ಇಬ್ಬರಿಗೂ, ಆದರೆ ಅವಳ ಲೆಕ್ಕದಲ್ಲಿ ನಾನು ಗಾಯ ಮಾಡಿದವರ ಕಡೆಯವಳು. ಪ್ರೈಡ್ ನಮ್ಮದು, ನೀವೆಲ್ಲ ಅತಿಥಿಗಳು ಅನ್ನುವ ಹಾಗೆ ಮಾತಾಡುವವರಿಗೆ ನಾನು ಬ್ರೆಂಡಾ ಹೊವಾರ್ಡ್ ಹೆಸರು ಹೇಳುತ್ತೇನೆ. 1970ರ ನ್ಯೂಯಾರ್ಕಿನ ಮೊದಲ ಪ್ರೈಡ್ ಮೆರವಣಿಗೆ ಸಂಘಟಿಸಿದವರಲ್ಲಿ ಒಬ್ಬಳು, ಬೈಸೆಕ್ಷುಯಲ್ ಹೆಂಗಸು.

ಇನ್ನೊಂದು ತಕರಾರು. ಎಷ್ಟೋ ಸಭೆಗಳು ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಬಂದು ಕಾಲ್‌ಸೆಂಟರಿನಲ್ಲಿ, ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವವರು ಮೂಲೆಯಲ್ಲಿ ಕೂತು ಬಿಸ್ಕತ್ತು ತಿಂದು ಎದ್ದು ಹೋಗುತ್ತಾರೆ. ಮನಸ್ಸಿನ ನೋವನ್ನು ಕಲಿತ ಭಾಷೆಯಲ್ಲಿ ಹೇಳು ಅಂದ್ರೆ ಹೇಗೆ? ಅಳು ಬರುವುದು ಮನೆಮಾತಿನಲ್ಲೇ ಅಲ್ವಾ.

ಹಾಗಾಗಿ ನಾವೊಂದಿಷ್ಟು ಜನ ಕಬ್ಬನ್ ಪಾರ್ಕಿನಲ್ಲಿ ಆಗಾಗ ಸೇರುತ್ತೇವೆ. ಬ್ಯಾನರ್ ಇಲ್ಲ, ಪರಿಚಯ ಭಾಷಣ ಇಲ್ಲ. ಚಿತ್ರಾನ್ನ, ಕೋಡುಬಳೆ ತರುತ್ತಾರೆ. ನನ್ನ ಗಂಡನೂ ಬರುತ್ತಾನೆ, ಚಾಪೆ ಹೊರುವುದು ಅವನ ಕೆಲಸ. ಅವನಿಗೆ ಎಲ್ಲ ಗೊತ್ತು, ಮದುವೆ ಮಾತುಕತೆ ಹೊತ್ತಲ್ಲೇ ಹೇಳಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಜೊತೆ ಈಗ ಮಾತಾಡ್ತೀಯಾ?" ಅಂತ ಕೇಳಿದ. ಇಲ್ಲ ಅಂದೆ. "ಬೇಜಾರಾಗಿರಬೇಕು" ಅಂದ. ಅಮ್ಮ ಹೇಳಬೇಕಿದ್ದ ಮಾತು ಅದು. ಅವನನ್ನು ಮದುವೆಯಾಗಲು ಅರ್ಧ ಕಾರಣ ಅದೇ. ಇನ್ನರ್ಧ, ಅಡುಗೆ ಬರುತ್ತೆ.

ಮೊದಮೊದಲು ಪಾರ್ಕಿನಲ್ಲಿ ಬರೀ ಲವ್ ಸ್ಟೋರಿಗಳೇ. ಈಗೀಗ ಥೈರಾಯ್ಡು, ಸೊಂಟನೋವು, ಅಪ್ಪನ ಬೈಪಾಸು. ಹೀಗೆ ಮಾತಾಡುತ್ತಾ ಮಾತಾಡುತ್ತಾ ಒಂದು ಪಟ್ಟಿ ತಯಾರಾಗಿದೆ, ಹೇಳಿದ್ದನ್ನು ಕೇಳಿಸಿಕೊಂಡು, ಮುಖ ಸಿಂಡರಿಸದೆ, ನೀತಿಪಾಠ ಹೇಳದೆ ನೋಡುವ ಡಾಕ್ಟರುಗಳ ಪಟ್ಟಿ. ಯಾರಾದರೂ ಹೋಗಿ ತೋರಿಸಿಕೊಂಡು ಬಂದ ಮೇಲೆಯೇ ಹೆಸರು ಸೇರಿಸುವುದು. ಬೆಂಗಳೂರಿನದ್ದು ಪರವಾಗಿಲ್ಲ ಅನ್ನುವಷ್ಟಾಗಿದೆ, ಮೈಸೂರಿನದ್ದು ನಡೀತಿದೆ. ದಾವಣಗೆರೆ, ಕಲಬುರಗಿ ಕಡೆ ಹೆಂಗಸರ ಡಾಕ್ಟರು ಇನ್ನೂ ಒಬ್ಬರೂ ಸಿಕ್ಕಿಲ್ಲ. ನಿಮಗೆ ಗೊತ್ತಿದ್ದರೆ, ನೀವೇ ಹೋಗಿ ಬಂದಿದ್ದರೆ, ದಯವಿಟ್ಟು ತಿಳಿಸಿ.